ಅವನ ಕಂಪೆನಿಗೆ ಬರೆಯಲೇ, ಬೇಡವೇ?

ಪ್ರಶ್ನೆ: ನಾನು ಬೆಳ್ತಂಗಡಿ ತಾಲೂಕಿನವಳು, ವಯಸ್ಸು 27. ಬಿ.ಸಿ.ರೋಡಿನ ಒಂದು ಆಡಿಟರ್ ಕಚೇರಿಯಲ್ಲಿ ಕೆಲಸ. ಕಳೆದ ಮಳೆಗಾಲದಲ್ಲಿ ಅಮ್ಮನ ಆಪರೇಷನ್ನಿಗೆಂದು ಅಲ್ಲಿಯದೇ ಒಂದು ಚಿನ್ನದ ಸಾಲದ ಕಂಪೆನಿಯಲ್ಲಿ ನನ್ನ ಸರ ಅಡವಿಟ್ಟೆ. ಎರಡು ತಿಂಗಳಿಂದ ಇನ್‌ಸ್ಟಾಗ್ರಾಮಿನಲ್ಲಿ ಒಬ್ಬ ಹಿಂದೆ ಬಿದ್ದಿದ್ದಾನೆ. ನಾನು ಹವ್ಯಾಸಕ್ಕೆ ಯಕ್ಷಗಾನ ಮಾಡುತ್ತೇನೆ. ವೇಷದ ಫೋಟೋಗಳಿಗೆಲ್ಲ ಅಸಹ್ಯ ಕಮೆಂಟು, ರಾತ್ರಿ ಹನ್ನೆರಡಕ್ಕೆ ಮೆಸೇಜು. ಬ್ಲಾಕ್ ಮಾಡಿದರೆ ಇನ್ನೊಂದು ಖಾತೆಯಿಂದ ಬರುತ್ತಾನೆ. ಈಗ ವಾಟ್ಸ್‌ಆ್ಯಪಿಗೂ ಬಂದಿದ್ದಾನೆ. ಮೊನ್ನೆ, ‘ಲಕ್ಷ್ಮೀ ಪದಕದ ಸರ ಬಿಡಿಸಿಕೊಳ್ಳಲಿಲ್ವಾ? ಕುತ್ತಿಗೆ ಖಾಲಿ ಕಾಣ್ತದೆ’ ಎಂದು ಬರೆದಿದ್ದಾನೆ. ಸರ ಅಡವಿಟ್ಟ ವಿಷಯ ಅಮ್ಮನಿಗೆ, ನನಗೆ ಮತ್ತು ಆ ಬ್ರಾಂಚಿನವರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಮೊದಲ ಖಾತೆಯಲ್ಲಿದ್ದ ಹೆಸರು, ಫೋಟೋ ಅಲ್ಲಿ ಕೌಂಟರಿನಲ್ಲಿದ್ದ ಒಬ್ಬರದ್ದು. ಅವರೀಗ ಮೂಡುಬಿದಿರೆ ಬ್ರಾಂಚಿಗೆ ಹೋಗಿದ್ದಾರಂತೆ. ದುಬೈಯಲ್ಲಿರುವ ಅಣ್ಣ, ‘ಅವನ ಫೋಟೋ ಎಲ್ಲ ಗ್ರೂಪಿಗೂ ಹಾಕುವ, ಕಂಪೆನಿಯನ್ನು ಟ್ಯಾಗ್ ಮಾಡುವ, ಒಂದೇ ದಿನದಲ್ಲಿ ಕೆಲಸ ಹೋಗ್ತದೆ’ ಎನ್ನುತ್ತಾನೆ. ಅಮ್ಮ, ‘ಅವನಿಗೂ ಮಕ್ಕಳಿರಬಹುದು, ಒಬ್ಬರ ಅನ್ನಕ್ಕೆ ಕಲ್ಲು ಹಾಕುವುದು ಬೇಡ’ ಎನ್ನುತ್ತಾರೆ. ನನಗೆ ಎಂತ ಮಾಡುವುದೆಂದೇ ಗೊತ್ತಾಗುತ್ತಿಲ್ಲ. ಕಂಪೆನಿಗೆ ತಿಳಿಸಲೇ?
– ಹೆಸರು ಬೇಡ, ಬೆಳ್ತಂಗಡಿ

ಉತ್ತರ: ತಿಳಿಸಿ. ಆದರೆ ಪೊಲೀಸರಿಗೆ ದೂರು ಕೊಟ್ಟ ಮೇಲೆ ತಿಳಿಸಿ, ಬರವಣಿಗೆಯಲ್ಲಿ ತಿಳಿಸಿ, ಮುಖ್ಯವಾಗಿ ಆ ಸರದ ವಿಷಯ ಹೊರಗೆ ಹೋದದ್ದರ ಬಗ್ಗೆ ತಿಳಿಸಿ. ಅಣ್ಣ ಹೇಳಿದ ದಾರಿ ಬೇಡ. ಅಮ್ಮ ಹೇಳಿದಂತೆ ಸುಮ್ಮನಿರುವುದೂ ಬೇಡ.

ನಿಮ್ಮ ಪತ್ರ ಓದುವಾಗ ನಾನು ನಿಂತದ್ದು ಲಕ್ಷ್ಮೀ ಪದಕದ ಆ ಒಂದು ಸಾಲಿನಲ್ಲಿ. ಉಳಿದ ಮೆಸೇಜುಗಳನ್ನು ಯಾರೂ ಎಲ್ಲಿಂದಲೂ ಕಳುಹಿಸಬಹುದಿತ್ತು. ಈ ಸಾಲನ್ನು ಬರೆಯಬೇಕಾದರೆ ನಿಮ್ಮ ಸಾಲದ ಕಾಗದ ನೋಡಿರಬೇಕು, ಇಲ್ಲವೇ ಸರವನ್ನು ತೂಗಿದ ಮೇಜಿನ ಬಳಿ ಇರಬೇಕು, ಅಥವಾ ಅಲ್ಲಿದ್ದವರಿಂದ ಕೇಳಿರಬೇಕು. ಮನೆಯ ಕಷ್ಟಕ್ಕೆ ಒಡವೆ ಅಡವಿಡಲು ಹೋಗುವ ಹೆಣ್ಣುಮಗಳು ಆ ಕೌಂಟರಿನಲ್ಲಿ ಫೋನ್ ನಂಬರ್, ಆಧಾರ್, ವಿಳಾಸ, ಜೊತೆಗೆ ತನ್ನ ಮಾನವನ್ನೂ ನಂಬಿ ಕೊಟ್ಟು ಬರುತ್ತಾಳೆ. ಅದನ್ನು ಹಿಡಿದುಕೊಂಡು ಮಧ್ಯರಾತ್ರಿ ಅವಳನ್ನು ಹಂಗಿಸುವುದು ಒಬ್ಬ ಮನುಷ್ಯನ ಖಾಸಗಿ ಕೆಟ್ಟತನವಾಗಿ ಉಳಿಯುವುದಿಲ್ಲ. ಅವನ ಕೈಗೆ ಆ ಮಾಹಿತಿ ಕೊಟ್ಟದ್ದು ಅವನ ಕೆಲಸ. ಹಾಗಾಗಿ ಕೆಲಸ ಕೊಟ್ಟವರಿಗೆ ಇದು ಗೊತ್ತಾಗಬೇಕು.

ಕಂಪೆನಿಗೆ ತಿಳಿಸಬೇಕೋ ಬೇಡವೋ ಎಂದು ಕೇಳುವವರಿಗೆಲ್ಲ ನಾನು ಮರಳಿ ಕೇಳುವುದು ಇದನ್ನೇ: ಅವನು ಮಾಡುವ ಕೆಲಸಕ್ಕೂ ನಿಮಗಾದ ತೊಂದರೆಗೂ ನಂಟಿದೆಯೇ? ಕಿರುಕುಳ ಕೊಟ್ಟವನು ಶಾಲಾ ಶಿಕ್ಷಕನಾಗಿದ್ದರೆ, ಹಾಸ್ಟೆಲ್ ವಾರ್ಡನ್ ಆಗಿದ್ದರೆ, ಮಹಿಳಾ ವಾರ್ಡಿನಲ್ಲಿ ಕೆಲಸ ಮಾಡುವವನಾಗಿದ್ದರೆ, ಗ್ರಾಹಕರ ದಾಖಲೆ ಮುಟ್ಟುವವನಾಗಿದ್ದರೆ ನಂಟು ಇದೆ. ಮೂಡುಬಿದಿರೆ, ಉಜಿರೆಯಂಥ ಊರುಗಳಲ್ಲಿ ಸಾವಿರಾರು ಮಕ್ಕಳು ಹಾಸ್ಟೆಲ್‌ಗಳಲ್ಲಿದ್ದಾರೆ. ಅಲ್ಲಿ ಇಂಥವನೊಬ್ಬ ಇದ್ದು ಆಡಳಿತಕ್ಕೆ ಗೊತ್ತಿಲ್ಲದಿದ್ದರೆ ಅದು ಆ ಮಕ್ಕಳ ಪಾಲಿಗೆ ಅಪಾಯ. ಅದೇ ಅವನು ಹಂಚಿನ ಕಾರ್ಖಾನೆಯ ಲೋಡರ್ ಆಗಿದ್ದು, ಮನೆಯಲ್ಲಿ ಕುಳಿತು ತನ್ನದೇ ಫೋನಿನಲ್ಲಿ ಕೆಟ್ಟದಾಗಿ ಬರೆದಿದ್ದರೆ, ಯಜಮಾನನಿಗೆ ಹೇಳಿ ಏನಾಗಬೇಕು? ಅಲ್ಲಿ ಪೊಲೀಸ್ ಠಾಣೆ ಸಾಕು. ಕಂಪೆನಿಯನ್ನು ಎರಡನೇ ಶಿಕ್ಷೆಯಾಗಿ ಬಳಸುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ವಿಷಯದಲ್ಲಿ ನಂಟು ಇದೆ, ಗಟ್ಟಿಯಾಗಿಯೇ ಇದೆ.

ಇನ್ನು ಅಣ್ಣನ ಮಾತು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ದೂರದ ಊರಿನಲ್ಲಿ ಕುಳಿತು ತಂಗಿಯ ಸಂಕಟ ಕೇಳುವವರಿಗೆ ಕೈಗೆ ಸಿಗುವ ಆಯುಧ ಫೋನು ಒಂದೇ. ಟ್ಯಾಗ್ ಮಾಡಿದರೆ ಕೆಲಸ ಹೋಗುತ್ತದೆ ಎಂಬುದೂ ಸುಳ್ಳಲ್ಲ. 2024ರ ಅಕ್ಟೋಬರಿನಲ್ಲಿ, ಹೆಂಡತಿಯ ಉಡುಪಿನ ವಿಷಯ ತೆಗೆದು ಆಸಿಡ್ ಹಾಕುವ ಬೆದರಿಕೆ ಕಳುಹಿಸಿದವನ ಬಗ್ಗೆ ಗಂಡ ಬಹಿರಂಗವಾಗಿ ಬರೆದಾಗ, ಅವನು ಕೆಲಸ ಮಾಡುತ್ತಿದ್ದ ಬೆಂಗಳೂರಿನ ಖಾಸಗಿ ಕಂಪೆನಿ ತಡಮಾಡದೆ ಅವನನ್ನು ತೆಗೆದುಹಾಕಿತು. 2020ರ ಏಪ್ರಿಲ್, ಮೇ ತಿಂಗಳಲ್ಲಿ ಯುಎಇಯಲ್ಲಿ ಹಲವು ಭಾರತೀಯರು ಫೇಸ್‌ಬುಕ್ ಬರಹಗಳಿಂದಾಗಿ ಕೆಲಸ ಕಳೆದುಕೊಂಡರು. ಅಣ್ಣ ಇದನ್ನೆಲ್ಲ ಹತ್ತಿರದಿಂದ ಕಂಡಿರಬಹುದು.

ಅವರಿಗೆ ಇನ್ನೊಂದು ಪ್ರಕರಣವನ್ನೂ ನೆನಪಿಸಿ. ಅದಕ್ಕೂ ಮೂಡುಬಿದಿರೆಗೂ ಸಂಬಂಧವಿದೆ. ಕುಂದಾಪುರ ಕಡೆಯ ಒಬ್ಬರು ಸೌದಿ ಅರೇಬಿಯಾದಲ್ಲಿ ಎಸಿ ತಂತ್ರಜ್ಞರಾಗಿದ್ದರು. 2019ರ ಡಿಸೆಂಬರಿನಲ್ಲಿ ಅವರು ಹಂಚಿಕೊಂಡ ಒಂದು ಪೋಸ್ಟಿಗಾಗಿ ಕಂಪೆನಿ ಅವರನ್ನು ಕೆಲಸದಿಂದ ತೆಗೆಯಿತು. ಅವರು ಕ್ಷಮೆ ಕೇಳಿ ವಿಡಿಯೊ ಹಾಕಿ, ಫೇಸ್‌ಬುಕ್ ಖಾತೆಯನ್ನೇ ಮುಚ್ಚಿದರು. ಅದಾದ ಬೆನ್ನಿಗೆ ಅವರದೇ ಹೆಸರು, ಅವರದೇ ಫೋಟೋ ಇಟ್ಟ ಇನ್ನೊಂದು ಖಾತೆ ಹುಟ್ಟಿತು. ಅದರಲ್ಲಿ ಮೆಕ್ಕಾ ಬಗ್ಗೆ, ಸೌದಿ ಯುವರಾಜನ ಬಗ್ಗೆ ಅವಹೇಳನದ ಪೋಸ್ಟ್‌ಗಳು ಬಂದವು. ಸೌದಿ ಪೊಲೀಸರು ಅವರನ್ನು ಹಿಡಿದು ಜೈಲಿಗೆ ಹಾಕಿದರು. ಇತ್ತ ಅವರ ಹೆಂಡತಿ ಸೈಬರ್ ಅಪರಾಧಗಳನ್ನು ನೋಡುವ ಉಡುಪಿಯ ಸೆನ್ ಠಾಣೆಗೆ ದೂರು ಕೊಟ್ಟರು. ಪೊಲೀಸರು ಫೇಸ್‌ಬುಕ್‌ನಿಂದ ಮಾಹಿತಿ ತರಿಸಿ, ಜಾಡು ಹಿಡಿದು, 2020ರ ಅಕ್ಟೋಬರಿನಲ್ಲಿ ಆ ನಕಲಿ ಖಾತೆ ತೆರೆದ ಆರೋಪದಲ್ಲಿ ಇಬ್ಬರನ್ನು ಬಂಧಿಸಿದರು. ಇಬ್ಬರೂ ಮೂಡುಬಿದಿರೆಯವರು. ಆ ಬಡ ತಂತ್ರಜ್ಞ ಊರಿಗೆ ಮರಳಿದ್ದು 2021ರ ಆಗಸ್ಟಿನಲ್ಲಿ. ಒಂದೂವರೆ ವರ್ಷಕ್ಕೂ ಮಿಕ್ಕಿ ಜೈಲಿನಲ್ಲಿದ್ದರು. ಮಂಗಳೂರು ಬಿಕರ್ನಕಟ್ಟೆಯ ಇನ್ನೊಬ್ಬರು ಇಂಥದೇ ನಕಲಿ ಖಾತೆಯ ದೆಸೆಯಿಂದ ಸೌದಿಯಲ್ಲಿ ಜೈಲು ಸೇರಿದರೆಂದು ಅವರ ಹೆಂಡತಿ ಹೈಕೋರ್ಟಿಗೆ ಹೋಗಬೇಕಾಯಿತು. 2023ರಲ್ಲಿ ಆ ಅರ್ಜಿಯ ವಿಚಾರಣೆಯಲ್ಲಿ ತನಿಖೆಗೆ ಸಹಕರಿಸದ ಫೇಸ್‌ಬುಕ್ ಸಂಸ್ಥೆಯನ್ನು ನ್ಯಾಯಾಲಯ ಕಟುವಾಗಿ ಎಚ್ಚರಿಸಿತ್ತು.

ಖಾತೆಯ ಮೇಲಿನ ಹೆಸರು ಮತ್ತು ಫೋಟೋ ಸಾಕ್ಷಿಯಲ್ಲ ಎನ್ನುವುದನ್ನು ನಮ್ಮ ಕರಾವಳಿಯ ಈ ಎರಡು ಕುಟುಂಬಗಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ನಿಮ್ಮನ್ನು ಕಾಡುತ್ತಿರುವವನು ಕೌಂಟರಿನಲ್ಲಿದ್ದ ಆ ವ್ಯಕ್ತಿಯೇ ಇರಬಹುದು. ಅವನ ಮೇಲೆ ಹಗೆಯಿದ್ದು, ಅವನ ಫೋಟೋ ಹಾಕಿ ಆಡುತ್ತಿರುವ ಅದೇ ಬ್ರಾಂಚಿನ ಇನ್ನೊಬ್ಬನೂ ಇರಬಹುದು. ನಿಮಗೆ ಗಟ್ಟಿಯಾಗಿ ಗೊತ್ತಿರುವುದು ಇಷ್ಟೇ: ಮಾಹಿತಿ ಆ ಬ್ರಾಂಚಿನಿಂದ ಹೊರಬಿದ್ದಿದೆ. ಅಷ್ಟನ್ನೇ ಹೇಳಿ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರೂ ನೀವು ಊಹೆಯ ಮೇಲೆ ನಿಂತಿರುತ್ತೀರಿ.

ಗ್ರೂಪಿಗೆ ಫೋಟೋ ಹಾಕುವುದನ್ನಂತೂ ಕೈಮುಗಿದು ಬೇಡವೆನ್ನುತ್ತೇನೆ. ಹೆಸರು ಕಂಡ ಕೂಡಲೇ ಅವನು ಯಾವ ಜನ, ಯಾವ ಧರ್ಮ ಎಂದು ಹುಡುಕುವ ಊರು ನಮ್ಮದಾಗಿಬಿಟ್ಟಿದೆ. ಬಂಟ್ವಾಳದ ಒಂದು ಗ್ರೂಪಿಗೆ ಬಿದ್ದ ಫೋಟೋ ಕಲ್ಲಡ್ಕ, ವಿಟ್ಲ ದಾಟಿ ಗುರುವಾಯನಕೆರೆ ತಲುಪಲು ಅರ್ಧ ಗಂಟೆ ಬೇಡ. ಆಮೇಲೆ ನಾಲ್ಕು ಜನ ಅವನ ಮನೆಬಾಗಿಲಿಗೆ ಹೋದರೆ, ಕೈ ಮಾಡಿದರೆ, ಅದನ್ನು ನಿಲ್ಲಿಸುವ ಶಕ್ತಿ ನಿಮಗೂ ಇಲ್ಲ, ದುಬೈಯಲ್ಲಿರುವ ಅಣ್ಣನಿಗೂ ಇಲ್ಲ. ನಿಮ್ಮ ನೋವು ಇನ್ಯಾರದ್ದೋ ಜಗಳಕ್ಕೆ ಸೌದೆಯಾಗುತ್ತದೆ. ನಿಮ್ಮ ಹೆಸರೂ ಅದರೊಟ್ಟಿಗೆ ಓಡಾಡುತ್ತದೆ.

ಕಂಪೆನಿಗೆ ತಿಳಿಸುವುದನ್ನೂ ಗ್ರೂಪಿಗೆ ಹಾಕುವುದನ್ನೂ ಕಾನೂನು ಕೂಡ ಬೇರೆಬೇರೆಯಾಗಿ ನೋಡುತ್ತದೆ. ಮಾನಹಾನಿಯ ಕಲಮಿನಲ್ಲಿ, ಅಂದರೆ 1860ರ ದಂಡಸಂಹಿತೆಯ 499ರಲ್ಲಿ, ಈಗಿನ ಭಾರತೀಯ ನ್ಯಾಯ ಸಂಹಿತೆಯ 356ರಲ್ಲಿ, ಕೆಲವು ವಿನಾಯಿತಿಗಳಿವೆ. ಎಂಟನೆಯದು ನಿಮಗೆ ಬೇಕಾದ್ದು. ಒಬ್ಬನ ಮೇಲೆ, ಆ ವಿಷಯದಲ್ಲಿ ಅಧಿಕಾರವಿರುವವರ ಬಳಿ ಸದುದ್ದೇಶದಿಂದ ದೂರು ಹೇಳಿದರೆ ಅದು ಮಾನಹಾನಿಯಲ್ಲ. ಅದಕ್ಕೆ ಕಾನೂನೇ ಕೊಡುವ ಉದಾಹರಣೆಗಳಲ್ಲಿ ಒಂದು, ಕೆಲಸದವನ ನಡತೆಯ ಬಗ್ಗೆ ಅವನ ಯಜಮಾನನಿಗೆ ದೂರುವುದು. ನೂರೈವತ್ತು ವರ್ಷಕ್ಕೂ ಹಿಂದಿನಿಂದ ಆ ದಾರಿ ತೆರೆದೇ ಇದೆ. ಆದರೆ ಅದು ಯಜಮಾನನ ಬಾಗಿಲವರೆಗೆ ಮಾತ್ರ. ಇನ್ನೂರು ಜನರ ಗ್ರೂಪಿಗೆ ಆ ರಕ್ಷಣೆ ಸಿಗುವುದಿಲ್ಲ. ಸದುದ್ದೇಶ ಎನ್ನುವಾಗ ಕಾನೂನು ಎಚ್ಚರಿಕೆಯನ್ನೂ ಕೇಳುತ್ತದೆ: ಗೊತ್ತಿರುವುದನ್ನು ಗೊತ್ತಿದೆ ಎಂದು, ಅನುಮಾನವನ್ನು ಅನುಮಾನ ಎಂದು ಬರೆದಿರಬೇಕು.

ಮೊದಲು ಠಾಣೆಗೆ ಹೋಗಿ ಎಂದೆ. ಕಂಪೆನಿಗೆ ಮೊದಲೇ ಗೊತ್ತಾದರೆ ಅವನಿಗೂ ಅದೇ ಗಳಿಗೆ ಗೊತ್ತಾಗುತ್ತದೆ. ಫೋನು ಬದಲಾಗುತ್ತದೆ, ಖಾತೆಗಳು ಅಳಿಯುತ್ತವೆ. ಕೆಲಸ ಕಳೆದುಕೊಂಡು ಮನೆಯಲ್ಲಿ ಕುಳಿತವನ ಸಿಟ್ಟು ನಿಮ್ಮ ಕಡೆಗೇ ತಿರುಗುತ್ತದೆ, ನೀವು ದಿನಾ ಹತ್ತುವ ಬಸ್ಸು ಯಾವುದೆಂದು ಅವನಿಗೆ ಗೊತ್ತಿಲ್ಲದಿರಲಿಕ್ಕಿಲ್ಲ. ಅಷ್ಟು ಹೊತ್ತಿಗೆ ಪೊಲೀಸರ ಬಳಿ ನಿಮ್ಮ ದೂರು ಇರಬೇಕು.

ಹೊರಡುವ ಮುಂಚೆ ಒಂದು ಸಂಜೆ ಕುಳಿತು ಎಲ್ಲವನ್ನೂ ತೆಗೆದಿಡಿ. ಒಂದೂ ಮೆಸೇಜು ಅಳಿಸಬೇಡಿ, ಎಷ್ಟೇ ಹೇಸಿಗೆಯಾದರೂ. ಬರೇ ಮಾತಿನ ಭಾಗ ಕತ್ತರಿಸಿದ ಸ್ಕ್ರೀನ್‌ಶಾಟ್ ಸಾಲದು. ಖಾತೆಯ ಹೆಸರು, ದಿನಾಂಕ, ಸಮಯ ಕಾಣಬೇಕು. ಪ್ರೊಫೈಲಿನ ಲಿಂಕನ್ನು ಪ್ರತ್ಯೇಕವಾಗಿ ಕಾಪಿ ಮಾಡಿಡಿ. ಖಾತೆ ತೆರೆದು ಮೇಲಿನಿಂದ ಕೆಳಗಿನವರೆಗೆ ಸರಿಸುತ್ತ ಸ್ಕ್ರೀನ್ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ವಾಟ್ಸ್‌ಆ್ಯಪ್ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ. ಈ ಫೋನನ್ನು ಸದ್ಯಕ್ಕೆ ಮಾರಬೇಡಿ, ರೀಸೆಟ್ ಮಾಡಬೇಡಿ. ಕೋರ್ಟಿನಲ್ಲಿ ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ, ಆಗ ಮೂಲ ಫೋನ್ ಇದ್ದರೆ ಕೆಲಸ ಸುಲಭ. ನೀವು ಇದುವರೆಗೆ ಅವನಿಗೆ ಏನೂ ಹೇಳಿಲ್ಲವೆಂದಾದರೆ, ಒಮ್ಮೆ, ಒಂದೇ ಒಮ್ಮೆ, ‘ನನಗೆ ಮೆಸೇಜ್ ಮಾಡಬೇಡಿ’ ಎಂದು ಬರೆಯಿರಿ. ಬೈಗುಳ ಬೇಡ, ಬೆದರಿಕೆ ಬೇಡ. ನ್ಯಾಯ ಸಂಹಿತೆಯ 78ನೇ ಕಲಮು ಹೇಳುವ ಹಿಂಬಾಲಿಸುವ ಅಪರಾಧದಲ್ಲಿ, ಹೆಣ್ಣು ತನಗೆ ಇಷ್ಟವಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಮತ್ತೆಮತ್ತೆ ಸಂಪರ್ಕಿಸಿದ್ದು ಮುಖ್ಯವಾಗುತ್ತದೆ. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಶಿಕ್ಷೆ ಇದೆ. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೆ 79ನೇ ಕಲಮು, ಇನ್ನೊಬ್ಬರ ಫೋಟೋ ಇಟ್ಟು ಆಡಿದ್ದಾದರೆ ಐಟಿ ಕಾಯ್ದೆಯ 66ಸಿ.

ಎಲ್ಲಿಗೆ ಹೋಗುವುದು ಎಂಬ ಗೊಂದಲ ನಿಮ್ಮ ಕಡೆಯವರಿಗೆಲ್ಲ ಇದೆ. ಬಂಟ್ವಾಳ, ಬೆಳ್ತಂಗಡಿ ಠಾಣೆಗಳು ದಕ್ಷಿಣ ಕನ್ನಡ ಜಿಲ್ಲಾ ಎಸ್ಪಿಯವರ ಕೆಳಗೆ ಬರುತ್ತವೆ. ಮೂಡುಬಿದಿರೆ ಠಾಣೆ ಮಂಗಳೂರು ಪೊಲೀಸ್ ಕಮಿಷನರೇಟಿಗೆ ಸೇರಿದ್ದು. ಅವನು ಅಲ್ಲಿದ್ದಾನೆಂದು ನೀವು ಮೂಡುಬಿದಿರೆಗೆ ಅಲೆಯಬೇಕಿಲ್ಲ. ಮೆಸೇಜು ಬಂದದ್ದು ನೀವಿರುವ ಊರಿಗೆ, ನಿಮ್ಮ ಠಾಣೆಯಲ್ಲೇ ದೂರು ಕೊಡಿ. ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದರೆ ಜೀರೋ ಎಫ್‌ಐಆರ್ ಮಾಡಿಕೊಡಿ ಎಂದು ಕೇಳಿ. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಅದಕ್ಕೇ ಇರುವುದು. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂದೂ ಅಲ್ಲಿಯೇ ಇದೆ. ಎಫ್‌ಐಆರ್ ಪ್ರತಿ ಉಚಿತ, 90 ದಿನದೊಳಗೆ ತನಿಖೆ ಎಲ್ಲಿಗೆ ಬಂತೆಂದು ನಿಮಗೆ ತಿಳಿಸಬೇಕು. ಸೈಬರ್‌ಕ್ರೈಮ್ ಪೋರ್ಟಲಿನಲ್ಲಿ ಮಹಿಳೆಯರ ಮತ್ತು ಮಕ್ಕಳ ದೂರಿಗೆ ಬೇರೆಯದೇ ವಿಭಾಗವಿದೆ. ಜಿಲ್ಲೆಯ ಸೆನ್ ಠಾಣೆಯೂ ಇದೆ. 1930 ಹಣದ ವಂಚನೆಗಾಗಿ ಇರುವ ಸಂಖ್ಯೆ, ನಿಮಗೆ ಬೇಕಾದ್ದು ಅದಲ್ಲ. ಅವನು ಎದುರಿಗೆ ಬಂದರೆ, ಹಿಂಬಾಲಿಸಿದರೆ 112ಕ್ಕೆ ಕರೆ ಮಾಡಿ.

ದೂರು ದಾಖಲಾದ ಮೇಲೆ ಇನ್‌ಸ್ಟಾಗ್ರಾಮಿಗೆ ರಿಪೋರ್ಟ್ ಮಾಡಿ, ಅದಕ್ಕೂ ಮೊದಲು ಬೇಡ. ಖಾತೆ ತೆಗೆದುಹಾಕಿದರೂ ಅದರ ಮಾಹಿತಿಯನ್ನು 180 ದಿನ ಕಾದಿಡಬೇಕೆಂದು 2021ರ ಐಟಿ ನಿಯಮಗಳಿವೆ. ಪೊಲೀಸರ ಪತ್ರ ಆ ಅವಧಿಯೊಳಗೆ ಹೋಗಬೇಕು. ಅದಕ್ಕೇ ತಡ ಮಾಡಬೇಡಿ ಎನ್ನುವುದು.

ಈಗ ಕಂಪೆನಿಗೆ ಬರೆಯುವ ಪತ್ರ. ಬ್ರಾಂಚ್ ಮ್ಯಾನೇಜರಿಗೆ ಬರೆಯಬೇಡಿ, ಬಿ.ಸಿ.ರೋಡಿನವರಿಗೂ ಬೇಡ, ಮೂಡುಬಿದಿರೆಯವರಿಗೂ ಬೇಡ. ಒಂದೇ ಟೀ ಅಂಗಡಿಯಲ್ಲಿ ಕೂರುವವರ ನಡುವೆ ಗುಟ್ಟು ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಸಾಲದ ಕಂಪೆನಿಗಳು ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕವನ್ನು ಪ್ರತಿ ಬ್ರಾಂಚಿನ ಗೋಡೆಯ ಮೇಲೆ ಹಾಕಿರಬೇಕು. ಅವರಿಗೆ ಬರೆಯಿರಿ. ಅದರ ಒಂದು ಪ್ರತಿ ಕಂಪೆನಿಯ ಆಂತರಿಕ ದೂರು ಸಮಿತಿಗೆ ಹೋಗಲಿ. 10 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ, ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಆ ಸಮಿತಿ ಇರಲೇಬೇಕು. ದೂರು ಕೊಡುವ ಹೆಣ್ಣು ಅಲ್ಲಿ ಕೆಲಸ ಮಾಡುವವಳೇ ಆಗಿರಬೇಕೆಂದು ಆ ಕಾಯ್ದೆ ಹೇಳುವುದಿಲ್ಲ. ಅದಕ್ಕೆ 3 ತಿಂಗಳ ಗಡುವಿದೆ. ಮತ್ತೆಮತ್ತೆ ನಡೆದ ಕಿರುಕುಳವಾದರೆ ಅದನ್ನು ಕೊನೆಯ ಘಟನೆಯಿಂದ ಎಣಿಸುತ್ತಾರೆ, ಆದರೂ ತಡ ಮಾಡಬೇಡಿ.

ಪತ್ರ ಉದ್ದ ಬೇಡ. ಹೀಗಿದ್ದರೆ ಸಾಕು:

‘ನಾನು ನಿಮ್ಮ ಬಿ.ಸಿ.ರೋಡ್ ಶಾಖೆಯ ಗ್ರಾಹಕಿ, ಸಾಲದ ಖಾತೆ ಸಂಖ್ಯೆ ಇಂಥದ್ದು. ಇಂಥ ದಿನಾಂಕದಿಂದ ನನಗೆ ಬೇರೆಬೇರೆ ಖಾತೆಗಳಿಂದ ಅಶ್ಲೀಲ ಸಂದೇಶಗಳು ಬರುತ್ತಿವೆ. ಇಂಥ ದಿನ ಬಂದ ಸಂದೇಶದಲ್ಲಿ ನಾನು ನಿಮ್ಮಲ್ಲಿ ಅಡವಿಟ್ಟ ಆಭರಣದ ವಿವರವಿದೆ. ಈ ವಿವರ ನಿಮ್ಮ ಶಾಖೆಯ ಹೊರಗೆ ನನ್ನ ತಾಯಿಯನ್ನು ಬಿಟ್ಟು ಬೇರೆಯವರಿಗೆ ತಿಳಿದಿರಲಿಲ್ಲ. ಮೊದಲ ಖಾತೆಯಲ್ಲಿ ನಿಮ್ಮ ಒಬ್ಬ ಸಿಬ್ಬಂದಿಯ ಹೆಸರು ಮತ್ತು ಚಿತ್ರವಿತ್ತು. ಅದು ಅವರೇ ತೆರೆದ ಖಾತೆಯೇ ಎಂಬುದು ತನಿಖೆಯಿಂದ ತಿಳಿಯಬೇಕು. ಪೊಲೀಸ್ ದೂರಿನ ಪ್ರತಿ ಲಗತ್ತಿಸಿದ್ದೇನೆ. ನನ್ನ ಖಾತೆಯ ವಿವರವನ್ನು ಯಾರು, ಯಾವಾಗ ತೆರೆದು ನೋಡಿದ್ದಾರೆಂಬ ದಾಖಲೆಯನ್ನು ಅಳಿಸದೆ ಕಾಯ್ದಿಡಬೇಕು, ವಿಚಾರಣೆ ನಡೆಸಬೇಕು, ಫಲಿತಾಂಶವನ್ನು ಲಿಖಿತವಾಗಿ ತಿಳಿಸಬೇಕು.’

ಅಷ್ಟೆ. ಕೆಲಸದಿಂದ ತೆಗೆಯಿರಿ ಎಂದು ಬರೆಯಬೇಡಿ. ಅಶ್ಲೀಲ ಸಂದೇಶಗಳನ್ನೆಲ್ಲ ಅವರಿಗೆ ಕಳುಹಿಸಬೇಡಿ, ಸರದ ಸಾಲಿರುವ ಒಂದು ಸ್ಕ್ರೀನ್‌ಶಾಟ್ ಸಾಕು. ಆ ದಾಖಲೆ ಕಾಯ್ದಿಡುವ ಮಾತು ಮಾತ್ರ ತಪ್ಪಿಸಬೇಡಿ. ಇಂದು ಗ್ರಾಹಕರ ಖಾತೆಯನ್ನು ಕಂಪ್ಯೂಟರಿನಲ್ಲಿ ಯಾವ ಲಾಗಿನ್‌ನಿಂದ ತೆರೆದರೆಂಬುದು ಸಾಮಾನ್ಯವಾಗಿ ದಾಖಲಾಗುತ್ತದೆ. ನಿಜವಾದ ವ್ಯಕ್ತಿಯನ್ನು ಹಿಡಿಯಲು ಅಥವಾ ನಿರಪರಾಧಿಯನ್ನು ಬಿಡಿಸಲು ಅದೇ ನೆರವಿಗೆ ಬರಬಹುದು. ಇಮೇಲ್ ಜೊತೆ ಸ್ಪೀಡ್ ಪೋಸ್ಟಿನಲ್ಲೂ ಕಳುಹಿಸಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು.

ಅಮ್ಮನ ಮಾತಿಗೆ ಬರುತ್ತೇನೆ. ಒಬ್ಬರ ಅನ್ನದ ಬಗ್ಗೆ ಇಷ್ಟು ಯೋಚಿಸುವ ತಾಯಿಯ ಬಗ್ಗೆ ನನಗೆ ಗೌರವವಿದೆ. ಅವರಿಗೆ ಹೀಗೆ ಹೇಳಿ ನೋಡಿ: ನೀವು ಯಾರ ಕೆಲಸವನ್ನೂ ತೆಗೆಯುತ್ತಿಲ್ಲ. ನಡೆದದ್ದನ್ನು ತಿಳಿಸುತ್ತಿದ್ದೀರಿ. ವಿಚಾರಣೆ ಕಂಪೆನಿಯದು, ಅವನಿಗೂ ತನ್ನ ಮಾತು ಹೇಳಲು ಅಲ್ಲಿ ಅವಕಾಶವಿದೆ, ತೀರ್ಮಾನವೂ ಅವರದೇ. ಅವನ ಮನೆಯ ಮಕ್ಕಳ ಹೊಣೆ ಅವನು ಮೆಸೇಜು ಟೈಪ್ ಮಾಡುವಾಗ ಅವನ ಮೇಲಿತ್ತು, ಈಗ ಅದು ಹಾರಿ ನಿಮ್ಮ ಮೇಲೆ ಬಂದು ಕೂರುವುದಿಲ್ಲ. ಮೂಡುಬಿದಿರೆ ಬ್ರಾಂಚಿನ ಅದೇ ಕೌಂಟರಿಗೆ ನಾಳೆ ಇನ್ನೊಬ್ಬಳು ಮಗಳ ಫೀಸಿಗೋ ಗಂಡನ ಆಸ್ಪತ್ರೆ ಖರ್ಚಿಗೋ ಬಳೆ ಬಿಚ್ಚಿಕೊಂಡು ಬಂದು ನಿಲ್ಲುತ್ತಾಳಲ್ಲ, ಅವಳೂ ಅಮ್ಮನ ಲೆಕ್ಕದಲ್ಲಿ ಬರಬೇಕು.

ಕಂಪೆನಿ ಇನ್ನೊಂದು ವರ್ಗಾವಣೆ ಮಾಡಿ ಕೈತೊಳೆದುಕೊಂಡರೆ ಒಪ್ಪಬೇಡಿ. ‘ವಿಷಯ ಬಗೆಹರಿದಿದೆ’ ಎಂದು ಫೋನಿನಲ್ಲಿ ಹೇಳಿದರೆ, ಬರೆದು ಕೊಡಿ ಎನ್ನಿ. ದೂರು ಹಿಂದೆಗೆಯಿರಿ, ಬಡ್ಡಿ ಮನ್ನಾ ಮಾಡುತ್ತೇವೆ ಎಂಬಂಥ ಮಾತು ಬಂದರೆ ಅದನ್ನೂ ದಿನಾಂಕ ಸಹಿತ ಬರೆದಿಡಿ. ಒಬ್ಬರೇ ಓಡಾಡುವುದು ಕಷ್ಟವೆನಿಸಿದರೆ ಬೆಳ್ತಂಗಡಿ ನ್ಯಾಯಾಲಯದ ತಾಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ; ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ, 15100ಕ್ಕೆ ಕರೆ ಮಾಡಿದರೂ ದಾರಿ ಹೇಳುತ್ತಾರೆ. ರಾತ್ರಿ ನಿದ್ದೆ ಬರುತ್ತಿಲ್ಲ, ಫೋನ್ ಅಲುಗಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದಾದರೆ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಯಕ್ಷಗಾನ ಬಿಡಬೇಡಿ. ಖಾತೆಯನ್ನು ಸದ್ಯಕ್ಕೆ ಪ್ರೈವೇಟ್ ಮಾಡಿಕೊಳ್ಳಿ, ವೇಷ ಕಟ್ಟುವುದನ್ನು ಮುಂದುವರಿಸಿ. ಅಣ್ಣನಿಗೊಂದು ಕೆಲಸ ಕೊಡಿ: ನೀವು ತೆಗೆದ ಎಲ್ಲ ದಾಖಲೆಯ ಒಂದು ಪ್ರತಿ ಅವರ ಬಳಿಯೂ ಇರಲಿ, ಎಲ್ಲಿಯೂ ಹಂಚದೆ.

ಇನ್ನೊಂದು ಮಾತು ಉಳಿಯಿತು. ತನಿಖೆಯಲ್ಲಿ ಆ ಕೌಂಟರಿನ ವ್ಯಕ್ತಿಯಲ್ಲ, ಬೇರೆ ಯಾರೋ ಎಂದು ಗೊತ್ತಾದರೆ, ಅದೇ ಅಧಿಕಾರಿಗೆ, ಅದೇ ಸಮಿತಿಗೆ ಇನ್ನೊಂದು ಪತ್ರ ಬರೆಯಿರಿ. ಅವನ ಹೆಸರು ಈ ವಿಷಯದಲ್ಲಿಲ್ಲ ಎಂದು ಪೊಲೀಸರು ತಿಳಿಸಿದ್ದಾರೆ ಎಂದು ಸ್ಪಷ್ಟವಾಗಿ ಹೇಳಿ, ಅದನ್ನೂ ಸ್ಪೀಡ್ ಪೋಸ್ಟಿನಲ್ಲೇ ಕಳುಹಿಸಿ.